ಸೆಕೆಯ ಊರಿನಲ್ಲಿ ಸಕ್ಕರೆ ಅಳೆಯುವ ಬಿಲ್ಲೆ: ಫ್ರೀಸ್ಟೈಲ್ ಲಿಬ್ರೆ ಹೇಗುಂಟು?

ಫ್ರೀಸ್ಟೈಲ್ ಲಿಬ್ರೆ ಅಂದರೆ ಸಕ್ಕರೆ ಕಾಯಿಲೆಯವರು ರಟ್ಟೆಯ ಹಿಂಭಾಗಕ್ಕೆ ಅಂಟಿಸಿಕೊಳ್ಳುವ 35 ಮಿ.ಮೀ. ಅಗಲದ ಬಿಲ್ಲೆ, ಬಾಳಿಕೆ 14 ದಿನ. ಅದರ ಸುಮಾರು 5 ಮಿ.ಮೀ. ಉದ್ದದ ಎಳೆ ಚರ್ಮದಡಿ ಕೂತು, ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸ್ ಅಳೆಯುತ್ತದೆ. ಸಕ್ಕರೆ ರಕ್ತದಿಂದ ಈ ದ್ರವಕ್ಕೆ ಬರಲು ಹೊತ್ತು ಬೇಕು. ಹಾಗಾಗಿ ಜೋರಾಗಿ ಏರಿಳಿಯುವಾಗ ಲೆಕ್ಕ 5–10 ನಿಮಿಷ ಹಿಂದೆ ಬೀಳುತ್ತದೆ. ಸಕ್ಕರೆ ಕುಸಿದಂತೆ ಕೈ ನಡುಗಿ ಬೆವರುತ್ತಿರುವಾಗ, ಬಿಲ್ಲೆಗೆ ಹಿಡಿದ ಫೋನು ಮಾಮೂಲಿ 90 ತೋರಿಸಿದರೆ ಅದನ್ನು ನಂಬಿ ಕೂರಬೇಡಿ, ಬೆರಳು ಚುಚ್ಚಿ ನೋಡಿ.

ಮಂಗಳೂರಿನಲ್ಲಿ ಇದನ್ನು ಕೆಡಿಸುವುದು ಸೆಕೆ, ಮತ್ತೆ ನಮ್ಮ ತೆಂಗಿನೆಣ್ಣೆ. ಎಣ್ಣೆಸ್ನಾನ ಮಾಡಿದ ದಿನ ಹಾಕಲೇಬೇಡಿ. ಪರಿಮಳವಿಲ್ಲದ ಸಾಬೂನಿನಲ್ಲಿ ತೊಳೆದು, ಸ್ಪಿರಿಟ್ ಹತ್ತಿಯಿಂದ ಒರೆಸಿ, ಫ್ಯಾನಿನಡಿ ಪೂರ್ತಿ ಒಣಗಿಸಿ. ರೋಮ ದಟ್ಟವಿದ್ದರೆ ಬೋಳಿಸಿ. ಇಷ್ಟಾಗಿಯೂ ಮೇ ತಿಂಗಳಲ್ಲಿ ಅಂಚು ಏಳುವುದುಂಟು. ಮೇಲೆ ವಾಟರ್‌ಪ್ರೂಫ್ ಟೇಪು ಹಾಕುವುದಾದರೆ ನಡುವಿನ ಸಣ್ಣ ತೂತು ಮುಚ್ಚದಿರಲಿ. ಸ್ನಾನಕ್ಕೆ ತೊಂದರೆಯಿಲ್ಲ. ನೀರಲ್ಲಿ ಮಿತಿ ಒಂದು ಮೀಟರ್ ಆಳ, 30 ನಿಮಿಷ. ಪಣಂಬೂರಿನ ಅಲೆಗೆ ಕಿತ್ತುಬಂದರೆ ಹಣ ಹೋಯಿತೆಂದೇ ಲೆಕ್ಕ.

ಪೆಟ್ಟಿಗೆಯಲ್ಲಿ ಎರಡು ಭಾಗ: ಸೆನ್ಸರ್ ಡಬ್ಬಿ, ಬಿಲ್ಲೆಯನ್ನು ಚರ್ಮಕ್ಕೆ ಹಾಕುವ ಅಪ್ಲಿಕೇಟರ್. ಎರಡರ ಕೋಡ್ ಒಂದೇ ಇರಬೇಕು. ಗುರುತಿಗೆ ಗುರುತು ಹೊಂದಿಸಿ ಗಟ್ಟಿ ಒತ್ತಿ, ಎತ್ತಿ, ರಟ್ಟೆಗೆ ಒತ್ತಿದರೆ ಕ್ಲಿಕ್ ಅನ್ನುತ್ತದೆ. ಬಿಲ್ಲೆಯ ಹತ್ತಿರ ಹಿಡಿದು ಸ್ಕ್ಯಾನ್ ಮಾಡಲು ಫೋನಿನಲ್ಲಿ ಎನ್‌ಎಫ್‌ಸಿ (ಹತ್ತಿರದಿಂದ ಓದುವ ವೈರಿಲ್ಲದ ಸಂಪರ್ಕ) ಬೇಕು. ಮೊದಲ ಅಂಕಿಗೆ ಒಂದು ಗಂಟೆ ಕಾಯಬೇಕು. ಮೊದಲ ದಿನದ ಅಂಕಿಗಳಿಗೆ ತೂಕ ಕಡಿಮೆ. ಬಿಲ್ಲೆಯ ನೆನಪು 8 ಗಂಟೆ ಮಾತ್ರ, ಮಲಗುವ ಮುನ್ನ ಮತ್ತು ಎದ್ದ ಕೂಡಲೇ ಸ್ಕ್ಯಾನ್ ಮಾಡದಿದ್ದರೆ ಫೋನಿನಲ್ಲಿ ಕಾಣುವ ಏರಿಳಿತದ ಗೆರೆ ತುಂಡಾಗುತ್ತದೆ. ಈ ಹಳೇ ಮಾದರಿಗೆ ಅಲಾರಂ ಇಲ್ಲ. ರಾತ್ರಿ ಸಕ್ಕರೆ ಕುಸಿಯುವ ಇನ್ಸುಲಿನ್‌ನವರಿಗೆ ಇದು ದೊಡ್ಡ ಕೊರತೆಯೇ. ಆ ಮಗ್ಗುಲಲ್ಲೇ ಒತ್ತಿ ಮಲಗಿದರೆ ಸುಳ್ಳೇ 60ಕ್ಕೆ ಇಳಿದಂತೆ ತೋರಿಸುವುದೂ ಉಂಟು.

ಕೊಟ್ಟ ಹಣ ಸಾರ್ಥಕವಾಗುವುದು ಊಟದ ನಂತರದ ಗೆರೆಯಲ್ಲಿ. ಕೋರಿ ರೊಟ್ಟಿ ತಿಂದವರಿಗೆ ಎರಡನೇ ಗಂಟೆಯ ಬೆರಳ ಪರೀಕ್ಷೆ ಸರಿಯೇ ಬರಬಹುದು. ತೆಂಗಿನಕಾಯಿ, ಕೋಳಿಯ ಕೊಬ್ಬಿನಿಂದ ಜೀರ್ಣ ನಿಧಾನವಾಗಿ ಏರಿಕೆ ಆಮೇಲೆ ಬರುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಕುಚ್ಚಲಕ್ಕಿ ಗಂಜಿ ಎಷ್ಟು ಸೌಟಿಗೆ ಎಷ್ಟು ಏರುತ್ತದೆಂದು ತಿಳಿಯಲು ಒಂದೆರಡು ಬಿಲ್ಲೆ ಸಾಕು, ಮಾತ್ರೆಯವರು ವರ್ಷವಿಡೀ ಕೊಳ್ಳುವುದು ದುಂದು.

ವಿಟಮಿನ್ ಸಿ ದಿನಕ್ಕೆ 500 ಮಿ.ಗ್ರಾಂ. ಮೀರಿದರೆ ಅಂಕಿ ಸುಳ್ಳೇ ಏರಬಹುದು. ಎಂಆರ್‌ಐ, ಸಿಟಿ ಸ್ಕ್ಯಾನ್ ದಿನ ಹತ್ತಿರವಿದ್ದರೆ ಅದು ಮುಗಿದ ಮೇಲೆಯೇ ಹೊಸದು ಹಾಕಿ. ಅಲ್ಲಿ ತೆಗೆಯಲೇಬೇಕು, ತೆಗೆದದ್ದು ಮತ್ತೆ ಅಂಟದು.