ಲೈಮ್ ರೋಗದ ವಿಶೇಷ ಕ್ಲಿನಿಕ್: ಮೊದಲ ಭೇಟಿಯ ಬೆಲೆ ಮತ್ತು ಆಮೇಲಿನದು

ಉಣುಗು ಕಚ್ಚುವುದರಿಂದ ಹರಡುವ ಲೈಮ್ ರೋಗಕ್ಕೆಂದೇ ನಡೆಯುವ ಒಂದು ಖಾಸಗಿ ಕ್ಲಿನಿಕ್‌ಗೆ ನನ್ನ 11 ವರ್ಷದ ಮಗಳನ್ನು ಕರೆದುಕೊಂಡು ಏಳು ವಾರ ಓಡಾಡಿದ ಮೇಲೆ, ಅಲ್ಲಿ ನಮಗೆ ದೊರೆತ ಸೇವೆಯ ಬಗ್ಗೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕ್ಲಿನಿಕ್‌ನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಲ್ಲಿಯ ಮೊದಲ ಭೇಟಿಗೆ ಕೊಟ್ಟ ಹಣದ ಬಗ್ಗೆ ನನಗೆ ಬೇಸರವಿಲ್ಲ, ಆ ನಂತರ ಕೊಟ್ಟ ಹಣವೆಲ್ಲ ವ್ಯರ್ಥವಾಯಿತೆಂದೇ ನಂಬಿದ್ದೇನೆ, ಅದಕ್ಕಿಂತ ಹೆಚ್ಚಾಗಿ ಮಗಳ ಮಂಡಿ ಊದಿಕೊಂಡೇ ಕಳೆದ ಆ ವಾರಗಳು ವ್ಯರ್ಥವಾದದ್ದು ನನ್ನನ್ನು ಕಾಡುತ್ತದೆ.

ಆ ಕ್ಲಿನಿಕ್ ತಲುಪುವ ಮುನ್ನ ನಾವು ಅಲೆದ ದಾರಿಯನ್ನು ಹೇಳದಿದ್ದರೆ ಈ ಮಾತು ಅರ್ಥವಾಗಲಾರದು. ಸಹಪಾಠಿಗಳ ಜೊತೆ ಕಾಡಂಚಿನ ಶಿಬಿರಕ್ಕೆ ಹೋಗಿ ಬಂದ ಹತ್ತು ದಿನಗಳಿಗೆ ಮಗಳ ಎಡ ಮಂಡಿಯ ಹಿಂಬದಿಯಲ್ಲಿ ಅಂಗೈಯಗಲದ ಕೆಂಪು ಮಚ್ಚೆಯೊಂದು ಎದ್ದಿತು. ತುರಿಕೆ ಇರಲಿಲ್ಲ, ನೋವೂ ಇರಲಿಲ್ಲ, ಆದರೆ ಅದರ ಅಂಚು ದಿನದಿಂದ ದಿನಕ್ಕೆ ಹಿಗ್ಗುತ್ತಿತ್ತು. ಉಣುಗು ಕಚ್ಚಿದ್ದನ್ನು ಅವಳು ನೋಡಿರಲಿಲ್ಲ; ರೋಗ ಹರಡುವ ಮರಿ ಉಣುಗು ಗಸಗಸೆ ಕಾಳಿನಷ್ಟೇ ಚಿಕ್ಕದಾಗಿರುವುದರಿಂದ ಎಷ್ಟೋ ರೋಗಿಗಳು ಅದನ್ನು ಕಂಡಿರುವುದೇ ಇಲ್ಲ. ನಾವು ತೋರಿಸಿದ ವೈದ್ಯರು, ಮಚ್ಚೆಯಲ್ಲಿ ಒಂದರೊಳಗೊಂದು ಬಳೆಯಿಟ್ಟಂಥ ಗುರುತು ಇಲ್ಲವಾದ್ದರಿಂದ ಇದು ಲೈಮ್ ಇರಲಾರದೆಂದರು. ನನ್ನ ಒತ್ತಾಯಕ್ಕೆ ಅಂದೇ ರಕ್ತ ಪರೀಕ್ಷೆ ಮಾಡಿಸಿದರು. ಫಲಿತಾಂಶ ನೆಗೆಟಿವ್ ಬಂದಿತು. ‘ಲೈಮ್ ಅಲ್ಲ’ ಎಂದು ಕಡತದಲ್ಲಿ ಬರೆದಾಯಿತು, ನಾವು ಹುಳುಕಡ್ಡಿಗೆ ಹಚ್ಚುವ ಮುಲಾಮನ್ನು ಹಿಡಿದು ಮನೆಗೆ ಮರಳಿದೆವು.

ಆ ಎರಡು ಪದಗಳ ಟಿಪ್ಪಣಿ ನಮ್ಮ ಮುಂದಿನ ಏಳು ತಿಂಗಳನ್ನು ನುಂಗಿಹಾಕಿತು. ಲೈಮ್ ರೋಗದ ಸಾಮಾನ್ಯ ರಕ್ತ ಪರೀಕ್ಷೆ ಹುಡುಕುವುದು ಬೊರೆಲಿಯಾ ಬರ್ಗ್‌ಡಾರ್ಫೆರಿ ಎಂಬ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು, ಮತ್ತು ಅವು ಪರೀಕ್ಷೆಗೆ ಸಿಗುವ ಮಟ್ಟಕ್ಕೆ ಏರಲು ಕೆಲವು ವಾರಗಳು ಬೇಕು. ಮಚ್ಚೆ ಎದ್ದ ಮೊದಲ ದಿನಗಳಲ್ಲಿ ಪರೀಕ್ಷೆ ನೆಗೆಟಿವ್ ಬರುವುದು ತೀರ ಸಹಜ. ಆದ್ದರಿಂದಲೇ ಉಣುಗುಗಳಿರುವ ಪ್ರದೇಶಕ್ಕೆ ಹೋಗಿ ಬಂದವರ ಮೈಮೇಲೆ 5 ಸೆಂ.ಮೀ.ಗಿಂತ ಅಗಲವಾಗಿ ಹಿಗ್ಗುತ್ತಿರುವ ಇಂಥ ಮಚ್ಚೆ ಕಂಡರೆ, ರಕ್ತ ಪರೀಕ್ಷೆಗೆ ಕಾಯದೆ, ಕಣ್ಣಿನಿಂದ ನೋಡಿಯೇ ರೋಗವನ್ನು ಗುರುತಿಸಿ ಔಷಧಿ ಆರಂಭಿಸಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ. ಬಳೆಯ ಗುರುತು ಇರಲೇಬೇಕೆಂಬ ನಿಯಮವೂ ಇಲ್ಲ. ಅನೇಕ ಮಚ್ಚೆಗಳು ಪೂರ್ತಿ ಕೆಂಪಾಗಿಯೇ ಇರುತ್ತವೆ. ಆ ಹಂತದಲ್ಲಿ 10 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಸಾಕಾಗುತ್ತಿತ್ತು ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ.

ಮಚ್ಚೆ ತಾನಾಗಿಯೇ ಮಾಯವಾಯಿತು. ಐದು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವಳ ಎಡ ಮಂಡಿ ಎರಡರಷ್ಟು ದಪ್ಪವಾಗಿತ್ತು. ಊತ ಅಷ್ಟಿದ್ದರೂ ನೋವು ಅದಕ್ಕೆ ತಕ್ಕಷ್ಟು ಇರಲಿಲ್ಲ, ಕುಂಟುತ್ತಲೇ ಶಾಲೆಗೆ ಹೋಗುತ್ತಿದ್ದಳು. ಬೆಳೆಯುವ ವಯಸ್ಸಿನ ನೋವು ಎಂದು ಒಬ್ಬರು, ಆಟದಲ್ಲಿ ಆದ ಪೆಟ್ಟು ಎಂದು ಇನ್ನೊಬ್ಬರು ಹೇಳಿದರು. ಮೂರನೆಯವರು ಮಕ್ಕಳ ಸಂಧಿವಾತವೆಂದು ಶಂಕಿಸಿ ಕೀಲುರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟರು, ಆ ತಜ್ಞರ ಸರದಿ ಬರಲು ಇನ್ನೂ ನಾಲ್ಕು ತಿಂಗಳಿತ್ತು. ಹಳೆಯ ಮಚ್ಚೆಯ ವಿಷಯವನ್ನು ನಾನೇ ಎತ್ತಿದಾಗಲೆಲ್ಲ ಕಡತದ ಆ ಟಿಪ್ಪಣಿಯನ್ನು ತೋರಿಸಿದರೇ ಹೊರತು ಮರುಪರೀಕ್ಷೆಯ ಮಾತನ್ನು ಯಾರೂ ಆಡಲಿಲ್ಲ. ಈ ರೋಗಕ್ಕೆ ಒಂದು ಊರಿನ ಹೆಸರು ಬಂದದ್ದೇ ಇಂಥ ಮಂಡಿಗಳ ಕಾರಣದಿಂದ ಎಂಬುದು ನೆನಪಾದಾಗ ನನಗೆ ಇಂದಿಗೂ ಸಂಕಟವಾಗುತ್ತದೆ. 1975ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಲ್ಲಿ ಪಾಲಿ ಮರ್ರೆ ಎಂಬ ತಾಯಿ, ತನ್ನ ಮನೆಯಲ್ಲೂ ನೆರೆಹೊರೆಯಲ್ಲೂ ಇಷ್ಟೊಂದು ಮಕ್ಕಳಿಗೆ ಒಟ್ಟಿಗೇ ಸಂಧಿವಾತ ಬರುವುದು ಹೇಗೆ ಸಾಧ್ಯವೆಂದು ಪಟ್ಟುಹಿಡಿದು ಆರೋಗ್ಯ ಇಲಾಖೆಯನ್ನು ಕೇಳಿದರು. ಯೇಲ್ ವಿಶ್ವವಿದ್ಯಾಲಯದ ಆ್ಯಲನ್ ಸ್ಟೀರ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ವರದಿಯಲ್ಲಿ ಲೈಮ್ ಮತ್ತು ಸುತ್ತಲಿನ ಊರುಗಳ 51 ರೋಗಿಗಳಿದ್ದರು, ಅವರಲ್ಲಿ 39 ಮಂದಿ ಮಕ್ಕಳು. ಅಷ್ಟು ವರ್ಷಗಳ ನಂತರವೂ ಊದಿದ ಮಂಡಿಯ ಮಗುವೊಂದು ಎದುರಿಗೆ ಕುಳಿತಿರುವಾಗ ಉಣುಗಿನ ಬಗ್ಗೆ ಒಂದು ಪ್ರಶ್ನೆ ಬರಲಿಲ್ಲ.

ಹೀಗೆ ಬಳಲಿ ಹೋದವರನ್ನು ಆ ಕ್ಲಿನಿಕ್ ಬರಮಾಡಿಕೊಳ್ಳುವ ರೀತಿ ನಿಜಕ್ಕೂ ಚೆನ್ನಾಗಿದೆ. ಮೊದಲ ಭೇಟಿಗೆ ಒಂದೂವರೆ ಗಂಟೆ ಮೀಸಲಿಟ್ಟಿದ್ದರು, ಅಷ್ಟನ್ನೂ ಕೊಟ್ಟರು. ಶಿಬಿರ ಎಲ್ಲಿತ್ತು, ಹುಲ್ಲಿನಲ್ಲಿ ಕುಳಿತಿದ್ದಳೇ, ಮುಖದ ಒಂದು ಬದಿ ಎಂದಾದರೂ ಸೋತಂತೆ ಕಂಡಿತ್ತೇ, ತಲೆನೋವು, ಎದೆಬಡಿತದಲ್ಲಿ ಏರುಪೇರು ಇತ್ತೇ ಎಂದು ವೈದ್ಯರು ಒಂದೊಂದನ್ನೇ ಕೇಳಿ ಬರೆದುಕೊಂಡರು. ಮಚ್ಚೆಯ ಫೋಟೋ ನನ್ನ ಫೋನಿನಲ್ಲಿ ಇದ್ದೇ ಇತ್ತು. ಅದನ್ನು ದೊಡ್ಡದು ಮಾಡಿ ನೋಡಿದ ಮೊದಲ ವೈದ್ಯರು ಅವರೇ. ‘ನಿಮ್ಮ ಅನುಮಾನ ಸರಿಯಾಗಿತ್ತು’ ಎಂದಾಗ ನನ್ನ ಕಣ್ಣು ತುಂಬಿಬಂತು. ಶುಲ್ಕ ಭಾರಿಯಾಗಿತ್ತು, ಆದರೂ ಇಷ್ಟು ಗಮನವಿಟ್ಟು ಕೇಳುವುದು ಯಾವ ವೈದ್ಯಸೇವೆಯಲ್ಲಾದರೂ ಇರಬೇಕಾದ ಗುಣವಾದ್ದರಿಂದ ಆ ದಿನಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಆ ದಿನವೇ ಒಂದು ಸಾಮಾನ್ಯ ಪರೀಕ್ಷೆ ಬರೆದು, ಕೆಲವೇ ದಿನಗಳಲ್ಲಿ ಔಷಧಿ ಆರಂಭಿಸಿದ್ದರೆ ಈ ವಿಮರ್ಶೆ ಪ್ರಶಂಸೆಯಾಗಿಯೇ ಮುಗಿಯುತ್ತಿತ್ತು. ಬದಲಿಗೆ, ಸಾಮಾನ್ಯ ಪರೀಕ್ಷೆಗಳು ನಂಬಲರ್ಹವಲ್ಲವೆಂದು ಹೇಳಿ, ತಾವು ಒಪ್ಪಂದ ಮಾಡಿಕೊಂಡ ಪ್ರಯೋಗಾಲಯಕ್ಕೆ ಎಂಟು ಟ್ಯೂಬ್ ರಕ್ತ ಕಳುಹಿಸಿದರು. ಆ ಒಂದು ಕಂತಿನ ಪರೀಕ್ಷೆಗಳಿಗೆ ನಮ್ಮ ಎರಡು ತಿಂಗಳ ಮನೆ ಬಾಡಿಗೆಗಿಂತ ಹೆಚ್ಚು ಹಣ ಹೋಯಿತು. ಮಾನ್ಯತೆ ಇಲ್ಲದ ಪರೀಕ್ಷೆಗಳೆಂಬ ಕಾರಣ ಕೊಟ್ಟು ವಿಮಾ ಕಂಪನಿ ಒಂದು ಬಿಲ್ಲನ್ನೂ ಒಪ್ಪಲಿಲ್ಲ. ವರದಿ ಬರಲು ಐದು ವಾರ ಹಿಡಿಯಿತು. ಅಲ್ಲಿಯವರೆಗೆ ‘ದೇಹವನ್ನು ಸಿದ್ಧಗೊಳಿಸಲು’ ಎಂದು ಕ್ಲಿನಿಕ್‌ನ ಕೌಂಟರಿನಲ್ಲೇ ಮಾರುವ ಗಿಡಮೂಲಿಕೆಯ ಹನಿಗಳು, ಪುಡಿಗಳು, ವಿಟಮಿನ್‌ಗಳ ದೊಡ್ಡ ಚೀಲವನ್ನು ಕೊಟ್ಟರು. ಲೈಮ್ ಎಂದು ತಮಗೆ ಅನುಮಾನವೇ ಇಲ್ಲವೆಂದವರು ಆ ಐದು ವಾರ ಒಂದು ಮಾತ್ರೆಯಷ್ಟು ಆ್ಯಂಟಿಬಯಾಟಿಕ್ ಅನ್ನೂ ಬರೆಯಲಿಲ್ಲ. ಈ ಸೇವೆಯ ವಿರುದ್ಧ ನನಗಿರುವ ಅತಿ ದೊಡ್ಡ ಆಕ್ಷೇಪ ಇದು.

ವರದಿ ಹದಿನಾಲ್ಕು ಪುಟಗಳಷ್ಟಿತ್ತು. ಲೈಮ್ ಇದೆ ಎಂಬ ಅದರ ಉತ್ತರ ಸರಿಯಾಗಿಯೇ ಇತ್ತು, ಅದನ್ನು ಮರೆಮಾಚುವುದಿಲ್ಲ. ಆದರೆ ಅದರೊಂದಿಗೆ ಬೇರೆ ನಾಲ್ಕು ಸೋಂಕುಗಳೂ ಇವೆಯೆಂದು, ಆ ಪ್ರಯೋಗಾಲಯವೇ ಹಾಕಿಕೊಂಡ ಅಳತೆಗೋಲಿನ ಪ್ರಕಾರ, ಕೆಂಪಕ್ಷರದಲ್ಲಿ ಮುದ್ರಿಸಿದ್ದರು. ಅಳತೆಗೋಲಿನ ಈ ವಿಷಯ ಓದುಗರಿಗೆ ತಿಳಿದಿರಬೇಕು. ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮದಲ್ಲಿ ಮೊದಲು ಪ್ರತಿಕಾಯಗಳ ಒಟ್ಟು ಸುಳಿವು ಹುಡುಕುವ ಎಲಿಸಾ ಪರೀಕ್ಷೆ, ಅದು ಪಾಸಿಟಿವ್ ಅಥವಾ ಅನಿಶ್ಚಿತವಾದರೆ ವೆಸ್ಟರ್ನ್ ಬ್ಲಾಟ್ ಎಂಬ ಎರಡನೆಯ ಪರೀಕ್ಷೆ ನಡೆಯುತ್ತದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಬ್ಯಾಕ್ಟೀರಿಯಾದ ಒಂದೊಂದು ಪ್ರೋಟೀನಿಗೆ ಅಂಟುವ ಪ್ರತಿಕಾಯ ಒಂದೊಂದು ಪಟ್ಟಿಯಾಗಿ ಕಾಣುತ್ತದೆ; ತಡವಾಗಿ ಬಂದು ಬಹುಕಾಲ ಉಳಿಯುವ ಐಜಿಜಿ ಪ್ರತಿಕಾಯದ 10 ಪಟ್ಟಿಗಳಲ್ಲಿ ಕನಿಷ್ಠ 5 ಕಾಣಿಸಬೇಕು, ಮೊದಲು ಬರುವ ಐಜಿಎಂನ 3ರಲ್ಲಿ 2 ಕಾಣಿಸಬೇಕು, ಆ ಐಜಿಎಂ ಲೆಕ್ಕಕ್ಕೆ ಬರುವುದೂ ರೋಗದ ಮೊದಲ 30 ದಿನಗಳಲ್ಲಿ ಮಾತ್ರ. ಪಟ್ಟಿಗಳ ಸಂಖ್ಯೆಯನ್ನು ಹೀಗೆ ಬಿಗಿಯಾಗಿ ಇಟ್ಟದ್ದಕ್ಕೆ ಕಾರಣವಿದೆ: ಉದಾಹರಣೆಗೆ 41 ಎಂಬ ಪಟ್ಟಿ ಲೈಮ್ ಇಲ್ಲದ ಆರೋಗ್ಯವಂತರ ರಕ್ತದಲ್ಲೂ ಆಗಾಗ ಕಾಣಿಸುತ್ತದೆ. ಒಂದೆರಡು ಪಟ್ಟಿಗಳಿಗೇ ಪಾಸಿಟಿವ್ ಎಂದು ಬರೆಯುವ ಪ್ರಯೋಗಾಲಯದಲ್ಲಿ ರೋಗವಿಲ್ಲದವರೂ ರೋಗಿಗಳಾಗುತ್ತಾರೆ. ನನ್ನ ಮಗಳಿಗೆ ಆ ಸಡಿಲ ಲೆಕ್ಕ ಬೇಕಾಗಿಯೇ ಇರಲಿಲ್ಲ, ಏಕೆಂದರೆ ಸೋಂಕು ಕೀಲಿಗೆ ಇಳಿಯುವ ಹೊತ್ತಿಗೆ ಐಜಿಜಿ ಪ್ರತಿಕಾಯ ದೇಹದಲ್ಲಿ ಧಾರಾಳವಾಗಿರುತ್ತದೆ, ಸಾಮಾನ್ಯ ಪರೀಕ್ಷೆಯೇ ಅದನ್ನು ಹಿಡಿಯುತ್ತದೆ.

ಚಿಕಿತ್ಸೆಯ ಯೋಜನೆ ಇನ್ನೂ ಗಾಬರಿ ಹುಟ್ಟಿಸುವಂತಿತ್ತು. ಒಂದು ವರ್ಷ ಮೂರು ಆ್ಯಂಟಿಬಯಾಟಿಕ್‌ಗಳು ಸರದಿಯ ಮೇಲೆ, ಅದರಲ್ಲಿ ಮೊದಲ ಮೂರು ತಿಂಗಳು ತೋಳಿನಿಂದ ಹೃದಯದ ಹತ್ತಿರದವರೆಗೆ ನಳಿಕೆ ಇಳಿಸಿ ಡ್ರಿಪ್ ಮೂಲಕ, ಜೊತೆಗೆ ಆ ಹನಿ ಪುಡಿಗಳ ಚೀಲ ತಿಂಗಳು ತಿಂಗಳೂ. ಎಷ್ಟು ದಿನದಲ್ಲಿ ಗುಣವಾಗುತ್ತದೆ, ಗುಣವಾದದ್ದನ್ನು ಯಾವುದರಿಂದ ಅಳೆಯುತ್ತೀರಿ ಎಂದು ಕೇಳಿದೆ. ಎರಡಕ್ಕೂ ನೇರ ಉತ್ತರ ಸಿಗಲಿಲ್ಲ. ಹಣ ಕಟ್ಟುವ ಕೌಂಟರಿನಲ್ಲಿದ್ದವರು ‘ಮಗುವಿನ ವಿಷಯ ಮೇಡಂ, ತಡ ಮಾಡಬೇಡಿ’ ಎಂದರು. ಮೂರು ತಿಂಗಳ ಮುಂಗಡ ಕಟ್ಟಿ ಹೊರಬಂದೆ. ಅದು ಭಯದಿಂದ ಕಟ್ಟಿದ ಹಣ.

ನಳಿಕೆ ಹಾಕುವ ದಿನಕ್ಕೆ ಒಂದು ವಾರ ಇರುವಾಗ, ಪರಿಚಿತ ಶುಶ್ರೂಷಕಿಯೊಬ್ಬರ ಮಾತು ಕೇಳಿ, ಸರ್ಕಾರಿ ಬೋಧನಾ ಆಸ್ಪತ್ರೆಯ ಸಾಂಕ್ರಾಮಿಕ ರೋಗ ವಿಭಾಗದಲ್ಲಿ ಬೆಳಗಿನಿಂದ ಸರದಿ ಕಾದು ಕುಳಿತೆವು. ಒಳಗೆ ನಮಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ವೈದ್ಯೆ ಮಂಡಿಯನ್ನು ಒತ್ತಿ ನೋಡಿದರು, ಫೋಟೋ ನೋಡಿದರು, ಹದಿನಾಲ್ಕು ಪುಟಗಳನ್ನು ತಾಳ್ಮೆಯಿಂದ ಓದಿದರು, ಮತ್ತೆ ಸಾಮಾನ್ಯ ಪರೀಕ್ಷೆಯನ್ನೇ ಬರೆದರು. ನಾಲ್ಕನೆಯ ದಿನ ಫಲಿತಾಂಶ ಬಂದಿತು: ಎಲಿಸಾ ಪಾಸಿಟಿವ್, ಐಜಿಜಿ 10ರಲ್ಲಿ 9 ಪಟ್ಟಿ. ಉಳಿದ ನಾಲ್ಕು ಸೋಂಕುಗಳಿಗೆ ಅವಳಲ್ಲಿ ಲಕ್ಷಣವೂ ಇಲ್ಲ, ನಂಬುವಂಥ ಪುರಾವೆಯೂ ಇಲ್ಲ ಎಂದರು. ದಿನಕ್ಕೆರಡು ಬಾರಿ ಡಾಕ್ಸಿಸೈಕ್ಲಿನ್, 28 ದಿನ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ. ಊತ ಉಳಿದರೆ ಇನ್ನೊಂದು ಸುತ್ತು ಮಾತ್ರೆ, ಅದಕ್ಕೂ ಜಗ್ಗದಿದ್ದರೆ ಎರಡರಿಂದ ನಾಲ್ಕು ವಾರ ಸೆಫ್ಟ್ರಿಯಾಕ್ಸೋನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್‌ನ ಡ್ರಿಪ್ ಎಂದು ಮುಂದಿನ ಮೆಟ್ಟಿಲುಗಳನ್ನೂ ಕಾಗದದ ಮೇಲೆ ಬರೆದುಕೊಟ್ಟರು.

ಹೆಚ್ಚು ಕಾಲ ಕೊಟ್ಟರೆ ಹೆಚ್ಚು ಭದ್ರವಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ವಿವರಣೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಚಿಕಿತ್ಸೆಯ ನಂತರವೂ ಕೆಲವರಲ್ಲಿ ಸುಸ್ತು, ಮೈಕೈ ನೋವು, ಮರೆವು ತಿಂಗಳುಗಟ್ಟಲೆ ಉಳಿಯುತ್ತವೆ, ಅವರ ನರಳಾಟ ನಿಜವಾದದ್ದು. ಅಂಥವರಿಗೇ 30 ದಿನ ಡ್ರಿಪ್, ನಂತರ 60 ದಿನ ಮಾತ್ರೆ ಕೊಟ್ಟು ನೋಡಿದ ಅಮೆರಿಕದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಔಷಧಿ ಪಡೆದವರಿಗೂ ಔಷಧಿಯಿಲ್ಲದ ಹುಸಿಮಾತ್ರೆ ಪಡೆದವರಿಗೂ ಫಲದಲ್ಲಿ ಅಂತರ ಕಾಣಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 280 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಎರಡು ವಾರದ ಡ್ರಿಪ್‌ನ ನಂತರ 12 ವಾರ ಮುಂದುವರಿಸಿದ ಆ್ಯಂಟಿಬಯಾಟಿಕ್‌ನಿಂದ ಹೆಚ್ಚಿನ ಲಾಭ ಸಿಗಲಿಲ್ಲ. ಅಪಾಯ ಮಾತ್ರ ನಿಶ್ಚಿತ: ದೀರ್ಘಕಾಲದ ಇಂಥ ಚಿಕಿತ್ಸೆಯಿಂದ ಗಂಭೀರ ಸೋಂಕಿಗೆ ತುತ್ತಾದ 5 ರೋಗಿಗಳ ವಿವರವನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2017ರಲ್ಲಿ ಪ್ರಕಟಿಸಿತು. ಮಗಳ ತೋಳಿಗೆ ಮೂರು ತಿಂಗಳು ನಳಿಕೆ ಇರಿಸಲು ನಾನು ಸಹಿ ಹಾಕಿದ್ದೆ ಎಂಬುದನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

28 ದಿನಗಳ ಮಾತ್ರೆಗೆ ತಗುಲಿದ ಹಣ, ಆ ಕ್ಲಿನಿಕ್‌ನ ಮೊದಲ ಭೇಟಿಯ ಶುಲ್ಕದ ಇಪ್ಪತ್ತನೆಯ ಒಂದು ಪಾಲೂ ಇರಲಿಲ್ಲ. ಡಾಕ್ಸಿಸೈಕ್ಲಿನ್ ಹಳೆಯ ಔಷಧಿ, ಹಲವು ಕಂಪನಿಗಳು ತಯಾರಿಸುವಂಥದು. ಮಾತ್ರೆ ಕೊಟ್ಟ ಆಸ್ಪತ್ರೆಯ ಔಷಧಿ ಅಂಗಡಿಯವರು ದೊಡ್ಡ ಲೋಟದ ನೀರಿನೊಂದಿಗೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಹಾಲಿನೊಂದಿಗೆ ಬೇಡ, ಬಿಸಿಲಿಗೆ ಮೈ ಬೇಗ ಸುಡುತ್ತದೆ ಎಂದು ಮಗಳಿಗೇ ತಿಳಿಸಿ ಹೇಳಿದ್ದು ಬಹಳ ಉಪಯೋಗಕ್ಕೆ ಬಂತು. ಮೂರನೆಯ ವಾರಕ್ಕೆ ಊತ ಇಳಿಯತೊಡಗಿತು, ಎರಡು ತಿಂಗಳಿಗೆ ಎರಡೂ ಮಂಡಿಗಳ ಸುತ್ತಳತೆ ಒಂದಾಯಿತು. ಸೊರಗಿದ್ದ ತೊಡೆಯ ಸ್ನಾಯುವಿಗೆ ವ್ಯಾಯಾಮ ಈಗಲೂ ನಡೆದಿದೆ.

ಇಂಥ ಕ್ಲಿನಿಕ್‌ಗೆ ಹೋಗುವವರನ್ನು ನಾನು ದೂರುವುದಿಲ್ಲ, ಏಕೆಂದರೆ ಅಲ್ಲಿಗೆ ಅವರನ್ನು ತಳ್ಳುವುದು ಹತ್ತು ನಿಮಿಷದಲ್ಲಿ ಕಡತ ಮುಚ್ಚುವ ವೈದ್ಯರೇ. ಹೋಗುವುದೇ ಆದರೆ, ರಕ್ತ ಕೊಡುವ ಮುನ್ನ ಈ ಪ್ರಯೋಗಾಲಯ ಯಾವ ಅಳತೆಗೋಲಿನಿಂದ ಪಾಸಿಟಿವ್ ಎನ್ನುತ್ತದೆ, ಮಾನ್ಯತೆಯಿರುವ ಎರಡು ಹಂತದ ಪರೀಕ್ಷೆಯನ್ನು ಮೊದಲು ಏಕೆ ಮಾಡುತ್ತಿಲ್ಲ, ಚಿಕಿತ್ಸೆ ನಿಲ್ಲಿಸುವ ದಿನವನ್ನು ಯಾವುದರಿಂದ ನಿರ್ಧರಿಸುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮುಂಗಡವನ್ನಂತೂ ಅಂದೇ ಕಟ್ಟಬೇಡಿ. ನಮ್ಮ ಮುಂಗಡದಲ್ಲಿ ಅರ್ಧ ಹಣ ಎರಡು ಪತ್ರ ಬರೆದ ಮೇಲೆ ಮರಳಿ ಬಂದಿದೆ, ಉಳಿದರ್ಧವನ್ನು ‘ಯೋಜನೆ ಸಿದ್ಧಪಡಿಸಿದ ವೆಚ್ಚ’ ಎಂದು ಇಟ್ಟುಕೊಂಡಿದ್ದಾರೆ. ಬಿಚ್ಚದ ಪುಡಿಗಳ ಡಬ್ಬಿಗಳನ್ನು ಹಿಂದಕ್ಕೆ ಪಡೆಯಲು ಒಪ್ಪಲಿಲ್ಲ. ಮಗಳ ವರದಿಯ ಎಲ್ಲ ಮೂಲ ಪ್ರತಿಗಳನ್ನು ಮಾತ್ರ ಕೇಳಿದ ದಿನವೇ ಕಳುಹಿಸಿಕೊಟ್ಟರು.