ಎರಡು ಫೈಬರ್‌ಗಳನ್ನು ಒಂದಾಗಿ ದುಡಿಸಿದವರು: ತುಮಕೂರಿನ ಒಂದು ನೆಟ್‌ವರ್ಕಿಂಗ್ ಸೇವೆ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಘಟಕದ ಕಚೇರಿ ಒಂದು ಕಟ್ಟಡದಲ್ಲಿದ್ದರೆ, ಯಂತ್ರಗಳ ಶೆಡ್ ಅಂಗಳದ ಆಚೆಗಿದೆ. ನಡುವೆ ಎರಡು ಫೈಬರ್ ಎಳೆಸಿ ಎರಡು ವರ್ಷವಾಗಿತ್ತು. ಆಗ ಹಾಕಿಕೊಟ್ಟವರು ಎರಡನ್ನೂ ಸ್ವಿಚ್‌ಗಳಿಗೆ (ಕಂಪ್ಯೂಟರ್‌ಗಳನ್ನು ಒಂದೇ ಜಾಲಕ್ಕೆ ಸೇರಿಸುವ ಪೆಟ್ಟಿಗೆಗಳಿಗೆ) ಸುಮ್ಮನೆ ಚುಚ್ಚಿ ಹೋಗಿದ್ದರು. ಸಮಾನಾಂತರವಾಗಿ ಎರಡು ದಾರಿಗಳಿದ್ದರೆ ಡೇಟಾ ಕೊನೆಯಿಲ್ಲದೆ ಸುತ್ತತೊಡಗುತ್ತದೆ ಎಂಬ ಕಾರಣಕ್ಕೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ ವ್ಯವಸ್ಥೆ ಅವುಗಳಲ್ಲಿ ಒಂದನ್ನು ತಡೆದು ನಿಲ್ಲಿಸುತ್ತದೆ. ಹೀಗಾಗಿ ನಾವು ಹಣ ಕೊಟ್ಟ ಎರಡನೆಯ ಫೈಬರ್ ಅಷ್ಟೂ ಕಾಲ ದುಡಿಯದೆ ಕುಳಿತಿತ್ತು.

ಇದನ್ನು ಸರಿಪಡಿಸಲು ಈ ಬಾರಿ ನಗರದ ಬೇರೊಂದು ನೆಟ್‌ವರ್ಕಿಂಗ್ ಅಂಗಡಿಯವರನ್ನು ಕರೆಸಿದೆವು. ನಮ್ಮ ಎರಡು ಸ್ವಿಚ್‌ಗಳು ಬೇರೆ ಬೇರೆ ಕಂಪನಿಯವು. ಆದ್ದರಿಂದ ಒಂದೇ ಕಂಪನಿಯ ಸ್ವಂತ ವಿಧಾನವನ್ನು ಬಿಟ್ಟು, ಹಲವು ದಾರಿಗಳನ್ನು ಒಂದೇ ಗುಂಪಾಗಿ ದುಡಿಸುವ, ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಎಲ್‌ಎಸಿಪಿ ಬಳಸುವುದಾಗಿ ಅವರೇ ಹೇಳಿದರು. 2000ದಲ್ಲಿ 802.3ಎಡಿ ಎಂಬ ಹೆಸರಿನಲ್ಲಿ ಬಂದು, 2008ರಲ್ಲಿ 802.1ಎಎಕ್ಸ್ ಎಂಬ ಪ್ರತ್ಯೇಕ ಮಾನಕವಾದ ವಿಧಾನವಿದು. ಬಂದವರು ಮೊದಲು ಎರಡೂ ಸ್ವಿಚ್‌ಗಳ ಸೆಟ್ಟಿಂಗ್‌ಗಳನ್ನು ಉಳಿಸಿಟ್ಟುಕೊಂಡು, ಎರಡನೆಯ ಫೈಬರ್ ಬಿಚ್ಚಿ, ಎರಡೂ ಕಡೆ ಗುಂಪು ರಚಿಸಿದ ಮೇಲೆಯೇ ಅದನ್ನು ಮತ್ತೆ ಸೇರಿಸಿದರು. ಎರಡು ಕಡೆಯೂ ಪ್ಯಾಸಿವ್ ಎಂದಿದ್ದರೆ ಯಾರೂ ಮೊದಲು ಮಾತನಾಡದೆ ಗುಂಪೇ ಕೂಡುವುದಿಲ್ಲವೆಂದು ಎರಡನ್ನೂ ಆಕ್ಟಿವ್ ಮಾಡಿದರು. ಒಂದು ಪೋರ್ಟ್‌ನಲ್ಲಿ ಬಿಟ್ಟುಹೋಗಿದ್ದ ವಿಲ್ಯಾನ್ (ಒಂದೇ ಜಾಲವನ್ನು ಬೇರೆ ಬೇರೆ ಭಾಗಗಳಾಗಿ ವಿಂಗಡಿಸುವ ಸೆಟ್ಟಿಂಗ್) ಕೂಡ ಅವರ ಕಣ್ಣಿಗೆ ಬಿತ್ತು. ಕೆಲಸದ ಶಿಸ್ತಿನ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಫೋನಿನಲ್ಲಿ ಅವರು ಕೊಟ್ಟ ಭರವಸೆಯ ಬಗ್ಗೆ. ‘ವೇಗ ಎರಡರಷ್ಟಾಗುತ್ತದೆ ಸಾರ್’ ಎಂದಿದ್ದರು. ಮರುದಿನ ಸರ್ವರ್‌ನಿಂದ ಶೆಡ್‌ನ ಕಂಪ್ಯೂಟರಿಗೆ ದೊಡ್ಡ ಡ್ರಾಯಿಂಗ್ ಕಡತವೊಂದನ್ನು ಕಳುಹಿಸಿದಾಗ ವೇಗ ಸೆಕೆಂಡಿಗೆ ಸುಮಾರು 110 ಮೆಗಾಬೈಟ್‌ಗೇ ನಿಂತಿತು, ಅಂದರೆ ಒಂದು ಗಿಗಾಬಿಟ್ ದಾರಿಯ ವೇಗ. ಇದು ದೋಷವಲ್ಲ, ಒಂದೇ ಸಂಪರ್ಕದ ಪ್ಯಾಕೆಟ್‌ಗಳ (ಡೇಟಾ ತುಣುಕುಗಳ) ಕ್ರಮ ತಪ್ಪದಿರಲೆಂದು ಸ್ವಿಚ್ ಅವನ್ನೆಲ್ಲ ಒಂದೇ ಫೈಬರ್‌ನಲ್ಲಿ ಕಳುಹಿಸುತ್ತದೆ. ಲಾಭ ಸಿಗುವುದು ಹಲವರು ಒಟ್ಟಿಗೆ ಬಳಸುವಾಗ. ಆದರೆ ನಮ್ಮಲ್ಲಿ ಅದೂ ಸಿಗಲಿಲ್ಲ. ಕಚೇರಿಯ ಸ್ವಿಚ್ ಯಾವ ಫೈಬರ್ ಎಂಬುದನ್ನು ಕಳುಹಿಸುವವರ ಮ್ಯಾಕ್ ವಿಳಾಸವನ್ನಷ್ಟೇ (ಪ್ರತಿ ಸಾಧನಕ್ಕಿರುವ ಗುರುತಿನ ಸಂಖ್ಯೆ) ನೋಡಿ ನಿರ್ಧರಿಸುತ್ತಿತ್ತು. ಕಳುಹಿಸುವ ಸರ್ವರ್ ಒಂದೇ ಆದ್ದರಿಂದ ಶೆಡ್‌ಗೆ ಹೋಗುವ ಕಡತಗಳೆಲ್ಲ ಒಂದೇ ದಾರಿ ಹಿಡಿಯುತ್ತಿದ್ದವು. ದೂರು ಕೊಟ್ಟ ದಿನವೇ ಬಂದು, ಕಳುಹಿಸುವವರ ಮತ್ತು ಪಡೆಯುವವರ ಐಪಿ ವಿಳಾಸಗಳೆರಡನ್ನೂ ನೋಡಿ ಹಂಚುವಂತೆ ಬದಲಿಸಿದ ಮೇಲೆ ಎರಡೂ ಪೋರ್ಟ್‌ಗಳಲ್ಲಿ ಸಾಗಿದ ಡೇಟಾದ ಲೆಕ್ಕ ಏರತೊಡಗಿತು.

ಇನ್ನೊಂದು ಕೊರತೆ ಸೂಕ್ಷ್ಮವಾದದ್ದು. ನಮ್ಮ ಹಳೆಯ ಸ್ವಿಚ್‌ಗಳಲ್ಲಿ ಫೈಬರ್ ಸಿಕ್ಕಿಸುವ ಜಾಗವಿಲ್ಲದೆ ಮೀಡಿಯಾ ಕನ್ವರ್ಟರ್‌ಗಳನ್ನು (ಫೈಬರ್ ಮತ್ತು ಸಾಮಾನ್ಯ ತಾಮ್ರದ ಕೇಬಲ್ ನಡುವಿನ ಪೆಟ್ಟಿಗೆಗಳನ್ನು) ಬಳಸಿದ್ದೇವೆ. ಸ್ವಿಚ್‌ನಲ್ಲಿ ಕೇಬಲ್ ಕಿತ್ತು ತೋರಿಸಿದಾಗ ಕೆಲಸ ಕ್ಷಣದಲ್ಲಿ ಇನ್ನೊಂದು ದಾರಿಗೆ ಹೊರಳಿತು, ಎಲ್ಲರೂ ಮೆಚ್ಚಿದೆವು. ವಾರದ ನಂತರ ಶೆಡ್‌ನ ಒಂದು ಕನ್ವರ್ಟರ್‌ನ ವಿದ್ಯುತ್ ಹೋದಾಗ ಮಾತ್ರ ಅರ್ಧ ಜನರ ಕೆಲಸ ಒಂದೂವರೆ ನಿಮಿಷ ಸ್ತಬ್ಧವಾಯಿತು. ಕಚೇರಿಯ ಪೋರ್ಟ್‌ನ ದೀಪ ಉರಿಯುತ್ತಲೇ ಇದ್ದುದರಿಂದ ದಾರಿ ಮುರಿದದ್ದು ಸ್ವಿಚ್‌ಗೆ ತಿಳಿಯಲಿಲ್ಲ. ಎಲ್‌ಎಸಿಪಿ ಸಂದೇಶಗಳು 30 ಸೆಕೆಂಡಿಗೊಮ್ಮೆ ಬರುವ ಸೆಟ್ಟಿಂಗ್‌ನಲ್ಲಿ ಅದು 90 ಸೆಕೆಂಡು ಕಾಯುತ್ತದೆ. ಎರಡೂ ಕಡೆ ಸೆಕೆಂಡಿಗೊಂದು ಸಂದೇಶ ಎಂದು ಬದಲಿಸಿದಾಗ ಆ ಕಾಯುವಿಕೆ 3 ಸೆಕೆಂಡಿಗೆ ಇಳಿಯಿತು. ಎಲ್‌ಎಸಿಪಿ ಇಲ್ಲದ ಸ್ಥಿರ ಗುಂಪು ಮಾಡಿದ್ದರೆ ಆ ಸ್ವಿಚ್ ಸತ್ತ ದಾರಿಗೇ ಡೇಟಾ ಸುರಿಯುತ್ತಿತ್ತು ಎಂಬುದನ್ನೂ ಅವರ ಪರವಾಗಿ ಹೇಳಬೇಕು.

ಪೋರ್ಟ್‌ಗಳ ವಿವರವನ್ನು ಕನ್ನಡದಲ್ಲೇ ಬರೆದು ರ‍್ಯಾಕ್‌ನ ಬಾಗಿಲಿನ ಒಳಗೆ ಅಂಟಿಸಿ ಹೋಗಿದ್ದಾರೆ. ಈಗ ನಮ್ಮ ಸ್ಟೋರ್ಸ್‌ನ ಹುಡುಗನೂ ಯಾವುದು ಯಾವ ಕೇಬಲ್ ಎಂದು ಹೇಳಬಲ್ಲ. ಇಂಥ ಕೆಲಸಕ್ಕೆ ಅವರನ್ನೇ ಮತ್ತೆ ಕರೆಯುತ್ತೇನೆ. ಆದರೆ ಕನ್ವರ್ಟರ್‌ನ ವಿದ್ಯುತ್ ತೆಗೆದು ನೋಡುವ ಪರೀಕ್ಷೆ ಮೊದಲ ದಿನವೇ ಆಗಬೇಕಿತ್ತು. ಅದಕ್ಕಾಗಿ ಬಂದ ಕೊನೆಯ ಭೇಟಿಗೆ ಪ್ರತ್ಯೇಕ ಬಿಲ್ ಹಾಕಿದ್ದು ನನಗೆ ಸರಿಕಾಣಲಿಲ್ಲ.