ಚಂಪುವೋ ಷಟ್ಪದಿಯೋ: ಹಳೆಯ ಕಾವ್ಯಕ್ಕೆ ಮೊದಲ ಹೆಜ್ಜೆ

ಹಳೆಯ ಕನ್ನಡ ಕಾವ್ಯವನ್ನು ಮೂಲದಲ್ಲಿಯೇ ಓದಬಯಸುವವರ ಮುಂದೆ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ: 10ನೆಯ ಶತಮಾನದ ಪಂಪನ ಚಂಪು ಮತ್ತು ಗದುಗಿನ ಕುಮಾರವ್ಯಾಸನ ಭಾಮಿನಿ ಷಟ್ಪದಿ. ಇಬ್ಬರೂ ಮಹಾಭಾರತದ ಕಥೆಯನ್ನೇ ಹೇಳಿರುವುದರಿಂದ ರೂಪಗಳ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಚಂಪುವಿನಲ್ಲಿ ಪದ್ಯದೊಡನೆ ಗದ್ಯವೂ ಬೆರೆತಿರುತ್ತದೆ. ಉತ್ಪಲಮಾಲೆಯಂತಹ ವೃತ್ತದಲ್ಲಿ (ಅಕ್ಷರಗಳ ಎಣಿಕೆಯ ಛಂದಸ್ಸಿನಲ್ಲಿ) ಸಾಲಿಗೆ 20 ಅಕ್ಷರಗಳಿದ್ದು, ಗುರು ಲಘುಗಳ, ಅಂದರೆ ಉಚ್ಚಾರಕ್ಕೆ ಹೆಚ್ಚು ಮತ್ತು ಕಡಿಮೆ ಕಾಲ ಹಿಡಿಯುವ ಅಕ್ಷರಗಳ, ಸ್ಥಾನವೂ ಮೊದಲೇ ಗೊತ್ತಾಗಿರುತ್ತದೆ. ಸಂಧಿ ಸಮಾಸಗಳು ಒತ್ತಾಗಿ ಬರುವುದರಿಂದ ಪದಗಳನ್ನು ಬಿಡಿಸಿಕೊಳ್ಳದೆ ಓದುಗರು ಮುಂದೆ ಸಾಗಲಾರರು. ಇಲ್ಲಿ ‘ಹಾಲು’ ಎಂಬುದು ‘ಪಾಲ್’, ‘ಹೋದನು’ ಎಂಬುದು ‘ಪೋದಂ’. ಇಂದು ಬಳಕೆಯಲ್ಲಿಲ್ಲದ ಱ, ೞ ಅಕ್ಷರಗಳೂ ಎದುರಾಗುತ್ತವೆ. ಆದರೂ ಚಂಪುವಿನ ನಡುವೆ ಬರುವ ಕಂದಪದ್ಯ, ನಾಲ್ಕೇ ಸಾಲುಗಳ 64 ಮಾತ್ರೆಗಳಲ್ಲಿ (ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ) ಒಂದು ಇಡೀ ಸನ್ನಿವೇಶವನ್ನು ಹಿಡಿದಿಡುವ ಆ ಅಡಕ, ನನ್ನ ಮಟ್ಟಿಗೆ ಕನ್ನಡದ ಅತ್ಯಂತ ಚೆಲುವಾದ ರೂಪ.

ಭಾಮಿನಿಯ ಲೆಕ್ಕ ಅಕ್ಷರಗಳದ್ದಲ್ಲ, ಮಾತ್ರೆಗಳದ್ದು. ಮೂರು, ನಾಲ್ಕು ಮಾತ್ರೆಗಳ ಗುಂಪುಗಳು, ಅಂದರೆ ಗಣಗಳು, ಒಂದಾದ ಮೇಲೊಂದು ಬರುತ್ತವೆ. ಆರು ಸಾಲುಗಳಲ್ಲಿ ಮೂರನೆಯದು ಮತ್ತು ಆರನೆಯದು ಉದ್ದವಾಗಿದ್ದು, ಕೊನೆಯಲ್ಲಿ ಗುರುವಿನ ಮೇಲೆ ನಿಲ್ಲುತ್ತವೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಯ ಕಂಠದಲ್ಲಿ ಕೇಳಿದಾಗ ಅರ್ಥದ ಬಹುಭಾಗ ಧಾಟಿಯಿಂದಲೇ ತಿಳಿಯುತ್ತದೆ.

ಹೇಳಿಕೊಡುವವರಿಲ್ಲದೆ ಒಬ್ಬರೇ ಓದುವವರು ಭಾಮಿನಿಯಿಂದ ತೊಡಗುವುದು ಒಳ್ಳೆಯದು. ಹಳಗನ್ನಡ ವ್ಯಾಕರಣವನ್ನೋ ಶಾಸನಗಳನ್ನೋ ಅಭ್ಯಾಸ ಮಾಡುವ ಉದ್ದೇಶವಿದ್ದವರು ಮಾತ್ರ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಒಂದೇ ಕಂದವಾದರೂ ಸರಿ, ಚಂಪುವಿನಿಂದಲೇ ಆರಂಭಿಸಲಿ.